ಬಲ್ಬು ಹಿಡಿದವರ ವಿದ್ಯೆ
1976ರಲ್ಲಿ ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ಆರಂಭಿಸಿದ ವಿಆರ್‌ಎಲ್ ಸಾರಿಗೆ ಕಂಪನಿಯ ನೆಲೆ ಹುಬ್ಬಳ್ಳಿ. ಲಾರಿಗಳ ಈ ಊರಿನಲ್ಲಿ ನನಗೆ ಅತಿ ಮೆಚ್ಚಿನವರು ಆಟೊ ಎಲೆಕ್ಟ್ರಿಷಿಯನ್ನರು.

ಲಾರಿಯೊಂದರ ಕೀಲಿ ತಿರುವಿದರೆ ಬರೀ ‘ಟಕ್’ ಎನ್ನಿ. 12 ವೋಲ್ಟಿನ ಎರಡು ಬ್ಯಾಟರಿ ಸೇರಿ 24 ತೋರಿಸುತ್ತವೆ, ಎಂಜಿನ್ ಮಾತ್ರ ತಿರುಗದು. ಅವಸರದವರು ಎಂಜಿನ್ ತಿರುಗಿಸುವ ಸೆಲ್ಫ್ ಮೋಟರನ್ನೇ ಇಳಿಸುತ್ತಾರೆ. ಪಳಗಿದವರು ವೈರು ಕಟ್ಟಿದ ಒಂದು ಬಲ್ಬು ತೆಗೆದು, ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಎಂಜಿನ್ನಿನ ಮೈಗೆ ಒತ್ತಿ, “ಈಗ ಸೆಲ್ಫ್ ಹೊಡೀರಿ” ಅನ್ನುತ್ತಾರೆ. ಭಾರ ಬಿದ್ದಾಗಲೇ ದೋಷ ಬಾಯಿಬಿಡುವುದು! ಅಲ್ಲಿ ಉರಿಯಬಾರದ ಬಲ್ಬು ಉರಿದರೆ ಅರ್ಥ್ ಕೆಟ್ಟಿದೆ; ಕರೆಂಟಿಗೆ ಮರಳುವ ದಾರಿ ಸರಿಯಿಲ್ಲ. ಅರ್ಥ್ ವೈರನ್ನು ಚಾಸಿಗೆ ಬಿಗಿದ ಬೋಲ್ಟಿನಡಿಯ ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ ಬಿಗಿಮಾಡಿದರೆ ಸಾಕು, ಒಂದು ಹೊಸ ಸಾಮಾನೂ ಬೇಕಿಲ್ಲ.