ಹಾರ ಹಾಕಿದೆವು, ಹಾಡು ಕೇಳಿದೆವೆ?

ಮಹಾಲಿಂಗಪುರದ ಇಬ್ರಾಹಿಂ ಸುತಾರ ಅವರು 2022ರ ಫೆಬ್ರವರಿ 5ರಂದು ತೀರಿಕೊಂಡಾಗ ನಾಡಿನ ತುಂಬ ಶ್ರದ್ಧಾಂಜಲಿಗಳ ಮಳೆ ಸುರಿಯಿತು. ‘ಕನ್ನಡದ ಕಬೀರ’, ‘ಭಾವೈಕ್ಯದ ಹರಿಕಾರ’ ಎಂಬ ಬಿರುದುಗಳು ಮತ್ತೆ ಮತ್ತೆ ಕೇಳಿಬಂದವು. ಇವೆಲ್ಲ ಪ್ರೀತಿಯಿಂದ ಬಂದ ಮಾತುಗಳೇ, ಅನುಮಾನವಿಲ್ಲ. ಆದರೆ ಅರ್ಧ ಶತಮಾನ ಕಾಲ ಊರೂರು ತಿರುಗಿ ಹಾಡಿದ ಈ ಗಾಯಕ ಏನನ್ನು ಹಾಡಿದರು, ಹೇಗೆ ಹಾಡಿದರು, ಅವರ ಕಲೆಯ ಬಲವೇನು, ಮಿತಿಯೇನು ಎಂಬ ಬಗ್ಗೆ ನಾವು ಆಡಿದ ಮಾತು ಎಷ್ಟು? ಬಿರುದು ಕೊಟ್ಟು ಕೈತೊಳೆದುಕೊಳ್ಳುವುದು ನಮಗೆ ರೂಢಿಯಾಗಿಬಿಟ್ಟಿದೆ.

ಸುತಾರರು ಹುಟ್ಟಿದ್ದು 1940ರ ಮೇ 10ರಂದು, ಇಂದಿನ ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದಲ್ಲಿ. ಸುತಾರ ಎಂದರೆ ಬಡಗಿ. ಬಡತನದಿಂದಾಗಿ ಶಾಲೆ ಮೂರನೇ ಇಯತ್ತೆಗೆ ನಿಂತಿತು. ಮಸೀದಿಯಲ್ಲಿ ಕುರ್‌ಆನ್ ಪಾಠ, ರಾತ್ರಿ ಭಜನಾ ಮೇಳದ ಸಹವಾಸ. ಈ ಎರಡೂ ಅವರನ್ನು ಬೆಳೆಸಿದವು. ವಚನ, ತತ್ವಪದ, ಕೈವಲ್ಯದ ಪದಗಳು, ಉಪನಿಷತ್ತಿನ ಮಾತುಗಳು ಅವರಿಗೆ ಒಲಿದದ್ದು ಈ ದಾರಿಯಲ್ಲಿ. 1970ರಲ್ಲಿ ಸಂಗಡಿಗರೊಂದಿಗೆ ತಮ್ಮದೇ ಭಾವೈಕ್ಯ ಜನಪದ ಸಂಗೀತ ಮೇಳ ಕಟ್ಟಿದರು. 2018ರಲ್ಲಿ ಪದ್ಮಶ್ರೀ ಬಂತು.

ಇಷ್ಟನ್ನು ಹೇಳಿ ‘ಮುಸಲ್ಮಾನರಾಗಿ ಹುಟ್ಟಿಯೂ ವಚನ ಹಾಡಿದರು’ ಎಂದು ಬೆರಗಾಗುವುದು ನಮ್ಮ ಭಾಷಣಕಾರರ ವಾಡಿಕೆ. ಆ ‘ಹುಟ್ಟಿಯೂ’ ಎಂಬಲ್ಲಿರುವ ‘ಊ’ಕಾರವನ್ನು ನಾವು ಗಮನಿಸಬೇಕು. ಶಿಶುನಾಳದ ಶರೀಫರು (1819–1889) ಕಳಸದ ಗೋವಿಂದಭಟ್ಟರ ಶಿಷ್ಯರಾಗಿ ಹಾಡು ಕಟ್ಟಿದವರು. ಮೊಹರಮ್ಮಿನ ಅಲಾವಿ ಪದಗಳನ್ನು ಬರೆದವರೂ ಅವರೇ. ಕಡಕೋಳ ಮಡಿವಾಳಪ್ಪನವರ ಶಿಷ್ಯವರ್ಗದಲ್ಲಿ ಚನ್ನೂರಿನ ಜಲಾಲಸಾಹೇಬರಿದ್ದರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕರ್ಬಲಾದ ಕಥೆಯನ್ನು ರಿವಾಯತ್ ಪದಗಳಾಗಿ ಹಾಡುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಹೀಗೆ ನೋಡಿದರೆ ಸುತಾರರು ಒಂದು ದೊಡ್ಡ ಬಳಗದ ಕೂಸು. ಅವರನ್ನು ಅಪವಾದವೆಂದು ಹೊಗಳಿದಷ್ಟೂ ನಾವು ಆ ಬಳಗವನ್ನು ಮರೆಯುತ್ತೇವೆ, ಉಳಿದ ಮುಸಲ್ಮಾನರು ಬೇರೆಯೇ ಎಂಬ ಅನುಮಾನಕ್ಕೂ ನೀರೆರೆಯುತ್ತೇವೆ.

ಹಾಗಾದರೆ ಸುತಾರರ ಸ್ವಂತದ್ದು ಯಾವುದು? ನಮಗೆ ತೋರುವಂತೆ, ಅವರು ಹಾಡಿನ ನಡುವೆ ಪ್ರಶ್ನೆಗೆ ಜಾಗ ಕೊಟ್ಟ ರೀತಿ. ಪದವೊಂದು ನಡೆಯುತ್ತಿರುತ್ತದೆ, ತಾಳ, ತಬಲಾ, ಹಾರ್ಮೋನಿಯಂ ಕೂಡಿ ಲಯ ಏರಿರುತ್ತದೆ. ಅಷ್ಟರಲ್ಲಿ ಜೊತೆಗಾರ ಹಾಡಿನ ಒಂದು ಶಬ್ದವನ್ನು ಹಿಡಿದು ನಿಲ್ಲಿಸುತ್ತಾನೆ. ಗುರು ಅಂದರೆ ಯಾರು, ಮಾಯೆ ಅಂದರೇನು, ದೇವರು ಒಬ್ಬನಾದರೆ ಇಷ್ಟೊಂದು ಜಗಳ ಯಾಕೆ ಎಂಬಂಥ ಪ್ರಶ್ನೆಗಳು, ಅದೂ ಕೇಳುಗರ ಬಾಯಿಮಾತಿನಲ್ಲೇ. ಉತ್ತರ ಒಕ್ಕಲುತನದಿಂದ, ಗಂಡ ಹೆಂಡಿರ ಮಾತಿನಿಂದ, ಸಂತೆಯ ವ್ಯವಹಾರದಿಂದ ಬರುತ್ತದೆ. ಜನ ನಗುತ್ತಾರೆ, ನಗು ಇಳಿಯುವ ಹೊತ್ತಿಗೆ ಅದೇ ಪದ ಮತ್ತೆ ಎತ್ತಲ್ಪಡುತ್ತದೆ. ಮೊದಲು ಒಗಟಾಗಿ ಕೇಳಿಸಿದ ಸಾಲು ಎರಡನೇ ಸಲ ತಿಳಿಯಾಗಿ ಕೇಳುತ್ತದೆ. ತತ್ವಪದದ ಬೆಡಗನ್ನು ಅಕ್ಷರ ಬಾರದವರ ಮುಂದೆ ಬಿಡಿಸಿಟ್ಟ ಈ ಕ್ರಮ ಮಠದ ಪ್ರವಚನಕ್ಕಿಂತ ಭಿನ್ನ. ಪ್ರವಚನದಲ್ಲಿ ಒಬ್ಬರು ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಇಲ್ಲಿ ಅನುಮಾನಕ್ಕೂ ವೇದಿಕೆಯ ಮೇಲೆ ಒಂದು ಚಾಪೆ ಇದೆ. ಅವರ ಗಾಯನವೂ ಮಾತಿಗೆ ಹತ್ತಿರವಾದದ್ದೇ. ರಾಗದ ಬೆಡಗಿಗಿಂತ ಶಬ್ದ ಕಿವಿಗೆ ಮುಟ್ಟಬೇಕೆಂಬ ಕಾಳಜಿ ಅದರಲ್ಲಿ ಹೆಚ್ಚು.

ಈ ಕ್ರಮಕ್ಕೆ ಮಿತಿಯೂ ಇದೆ. ಹೇಳದಿದ್ದರೆ ಅದು ವಿಮರ್ಶೆಯಾಗದು. ವಿವರಣೆ ಹೆಚ್ಚಾದಾಗ ಹಾಡು ಸೊರಗುತ್ತದೆ. ಒಗಟಾಗಿಯೇ ಉಳಿಯಬೇಕಾದ ಸಾಲು ನೀತಿಪಾಠವಾಗಿಬಿಡುತ್ತದೆ. ‘ಎಲ್ಲರೊಳಗೂ ಇರುವುದು ಒಂದೇ’ ಎಂಬ ಮಾತು ಮನಸ್ಸನ್ನು ಮೆದುಗೊಳಿಸುತ್ತದೆ, ನಿಜ. ಆದರೆ ಬಾವಿಯ ನೀರು, ಹೋಟೆಲಿನ ಲೋಟ, ಮನೆಯ ಬಾಡಿಗೆ ಇವು ಒಂದೇ ಆಗಿಲ್ಲವಲ್ಲ ಎಂಬ ಪ್ರಶ್ನೆಯನ್ನು ವೇದಿಕೆಯ ಜೊತೆಗಾರ ಕೇಳುವುದು ಅಪರೂಪ. ವಚನಗಳಲ್ಲಿರುವ ಜಾತಿಯ ಮೇಲಿನ ಸಿಟ್ಟು ಇಲ್ಲಿ ಅಧ್ಯಾತ್ಮದ ಸಮಾಧಾನದಲ್ಲಿ ತಣ್ಣಗಾಗುತ್ತದೆ. ಶರೀಫರ ಪದಗಳಲ್ಲಿ ಉಳಿಯುವ ಕುಚೋದ್ಯ ಮತ್ತು ಕಸಿವಿಸಿ ಇಲ್ಲಿ ಕಡಿಮೆ. ಎಲ್ಲರನ್ನೂ ಒಟ್ಟಿಗೆ ಕೂರಿಸಬೇಕೆಂಬವನಿಗೆ ಯಾರನ್ನೂ ಎಬ್ಬಿಸಿ ಕಳಿಸುವ ಮಾತು ಆಡಲಾಗದು. ಇದು ಆ ಪಾತ್ರದ ಬೆಲೆ.

ಆದರೆ ಆ ಪಾತ್ರವನ್ನು ಬಿಗಿ ಮಾಡಿದವರಲ್ಲಿ ನಾವೂ ಇದ್ದೇವೆ. ಸುತಾರರು ತೀರಿಕೊಂಡ ಫೆಬ್ರವರಿ 5ರ ದಿನಾಂಕವೇ ರಾಜ್ಯ ಸರ್ಕಾರದ ಸಮವಸ್ತ್ರ ಆದೇಶದ ಮೇಲೂ ಇದೆ. ಆ ದಿನಗಳಲ್ಲಿ ಹಿಜಾಬ್ ತೊಟ್ಟ ಹುಡುಗಿಯರು ಕಾಲೇಜಿನ ಗೇಟಿನ ಹೊರಗೆ ನಿಂತಿದ್ದರು. ಮಾರ್ಚ್ ಬರುವ ಹೊತ್ತಿಗೆ ಕರಾವಳಿಯ ಹಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಅವಕಾಶವಿಲ್ಲವೆಂಬ ಬ್ಯಾನರುಗಳು ಎದ್ದವು. ಜಾತ್ರೆ, ಉತ್ಸವಗಳ ವೇದಿಕೆಯಲ್ಲಿ ಹಾಡುವ ಮುಸಲ್ಮಾನನಿಗೆ ಶಾಲು ಹೊದಿಸಿದ ನಾಡು, ಜಾತ್ರೆಯ ಬೀದಿಯಲ್ಲಿ ಬಳೆ ಮಾರುವ ಮುಸಲ್ಮಾನನಿಗೆ ಜಾಗವಿಲ್ಲ ಎಂದಿತು. ಹಾಡಿದವರು ಬೇಕು, ಬದುಕುವವರು ಬೇಡ ಎಂದರೆ ಆ ಭಾವೈಕ್ಯಕ್ಕೆ ಏನರ್ಥ? ಶತಮಾನದ ಸಂತನನ್ನೋ ಊರಿನ ಗಾಯಕನನ್ನೋ ತೋರಿಸಿ ‘ನೋಡಿ, ಒಳ್ಳೆಯ ಮುಸಲ್ಮಾನ ಹೀಗಿರಬೇಕು’ ಎನ್ನುವುದು ಹೊಗಳಿಕೆಯ ವೇಷದ ಷರತ್ತು. ವಚನ ಬಾರದ, ಪದ ಹಾಡದ, ತನ್ನ ಪಾಡಿಗೆ ನಮಾಜು ಮಾಡಿ ದುಡಿದು ತಿನ್ನುವವನಿಗೂ ಈ ನೆಲದಲ್ಲಿ ಅಷ್ಟೇ ಹಕ್ಕಿದೆ.

ಇದರ ಹೊಣೆಯನ್ನು ಸುತಾರರ ಮೇಲೆ ಹೊರಿಸಲಾಗದು. ಅವರು ಹಾಡಿದ್ದು ಸರ್ಟಿಫಿಕೇಟಿಗಾಗಿ ಅಲ್ಲ, ಹಾಡದೆ ಇರಲಾಗದ್ದಕ್ಕೆ. ಈಗ ನಾವು ಮಾಡಬಹುದಾದ ಕೆಲಸವೊಂದಿದೆ. ಮೇಳಗಳ ಧ್ವನಿಮುದ್ರಣಗಳನ್ನು ಹುಡುಕಿ ಕೂಡಿಸುವುದು, ವೇದಿಕೆಯ ಸಂವಾದಗಳನ್ನು ಅಕ್ಷರಕ್ಕಿಳಿಸುವುದು, ಹೆಸರಿಲ್ಲದೆ ಹಿಮ್ಮೇಳದಲ್ಲಿ ತಾಳ ಹಾಕಿದವರನ್ನೂ ದಾಖಲಿಸುವುದು. ಮತ್ತು ಮೇಳದಲ್ಲಿ ಕೇಳದೆ ಉಳಿದ ಆ ಪ್ರಶ್ನೆಯನ್ನು ಕೇಳುವುದು. ಹಾಡನ್ನು ನಡುವೆ ನಿಲ್ಲಿಸಿ ಪ್ರಶ್ನೆ ಕೇಳಬಹುದೆಂದು ನಮಗೆ ಕಲಿಸಿದವರು ಸ್ವತಃ ಸುತಾರರೇ ಅಲ್ಲವೆ?