ಕಿಟಕಿ ತೆರೆದವರು, ಮೆಟ್ಟಿಲಿಳಿದವಳು

ಅಕ್ಕನ ಮಗಳು ಮನೋವಿಜ್ಞಾನದ ಮೊದಲ ಪರೀಕ್ಷೆಗೆ ಓದಿಕೊಳ್ಳುತ್ತಿದ್ದಳು. ಮುಖ್ಯ ಪರಿಕಲ್ಪನೆಗಳನ್ನೆಲ್ಲ ಚೀಟಿಗಳಲ್ಲಿ ಬರೆದು ನನ್ನ ಕೈಗಿಟ್ಟು, 'ಕೇಳು ಚಿಕ್ಕಮ್ಮ, ಹೇಳ್ತೀನಿ' ಅಂದಳು. ಪಾವ್ಲೊವ್ ಎಂದರೆ ನಾಯಿ, ಸ್ಕಿನ್ನರ್ ಎಂದರೆ ಪೆಟ್ಟಿಗೆಯೊಳಗಿನ ಇಲಿ, ಮಿಲ್‌ಗ್ರಾಮ್ ಎಂದರೆ ಕರೆಂಟ್ ಶಾಕ್. 'ಬೈಸ್ಟ್ಯಾಂಡರ್ ಎಫೆಕ್ಟ್' ಎಂಬ ಚೀಟಿ ಬಂದಾಗ ಅವಳು ಒಂಚೂರೂ ತಡವರಿಸಲಿಲ್ಲ. '1964, ನ್ಯೂಯಾರ್ಕ್. ಕಿಟ್ಟಿ ಜೆನೊವೀಸ್ ಅನ್ನೋಳನ್ನ ಒಬ್ಬ ಚಾಕುವಿಂದ ಇರಿದು ಕೊಂದ. 38 ಜನ ಕಿಟಕೀಲಿ ನಿಂತು ನೋಡಿದ್ರು. ಒಬ್ಬರೂ ಏನೂ ಮಾಡ್ಲಿಲ್ಲ.'

ನಾನೂ ಹಿಂದೊಮ್ಮೆ ಇದನ್ನೇ ಬರೆದು ಅಂಕ ಪಡೆದವಳು. ಕತೆ ಓದುವವರೆಲ್ಲ ಈ ಪಾಠವನ್ನೂ ಒಂದು ಕತೆಯಂತೆ ಅನುಮಾನದಿಂದ ಓದಬೇಕು ಅಂತ ಅನ್ನಿಸಿದ್ದು ಎಷ್ಟೋ ಕಾಲದ ಮೇಲೆ.

28 ವರ್ಷದ ಕಿಟ್ಟಿ ಕೊಲೆಯಾದದ್ದು ಮಾರ್ಚ್ 13ರ ನಸುಕಿನಲ್ಲಿ, ಕ್ವೀನ್ಸ್‌ನ ಕ್ಯೂ ಗಾರ್ಡನ್ಸ್‌ನಲ್ಲಿ. ಎರಡು ವಾರದ ನಂತರ ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಬಂದ ವರದಿ ಅದನ್ನು ಕತೆಯಾಗಿಸಿತು. ಮರ್ಯಾದಸ್ಥರ ಬಡಾವಣೆ, ಅರ್ಧ ಗಂಟೆಯ ಹಿಂಸೆ, 38 ಜೊತೆ ಕಣ್ಣು. 2007ರಲ್ಲಿ ಮೂವರು ಸಂಶೋಧಕರು ದಾಖಲೆಗಳನ್ನು ತಿರುವಿ ನೋಡಿದಾಗ, 38 ಜನ ಸುಮ್ಮನೆ ನಿಂತು ನೋಡಿದರು ಎನ್ನುವುದಕ್ಕೆ ಆಧಾರ ಸಿಗಲಿಲ್ಲ. ಎರಡನೆಯ ಸಲ ಇರಿದದ್ದು ಕಟ್ಟಡದೊಳಗೆ, ಮೆಟ್ಟಿಲ ಬುಡದಲ್ಲಿ. ಎದುರಿನ ಕಿಟಕಿಗಳಿಗೆ ಅದು ಕಾಣುವಂತಿರಲಿಲ್ಲ. ಕಂಡೂ ಹಿಂಜರಿದವರು ಇದ್ದರು, ನಿಜ. ಆದರೆ ಮೊದಲ ಕೂಗಿಗೇ ಒಬ್ಬಾತ ಕಿಟಕಿ ತೆರೆದು ಗದರಿದ್ದ. ಹಂತಕ ಆಗ ಓಡಿಹೋಗಿ ಮತ್ತೆ ಬಂದ. ನೆರೆಮನೆಯ ಸೋಫಿಯಾ ಫರಾರ್ ಎಂಬಾಕೆ ಮೆಟ್ಟಿಲಿಳಿದು ಓಡಿಬಂದು ಕಿಟ್ಟಿಯನ್ನು ತೋಳಲ್ಲಿ ಹಿಡಿದುಕೊಂಡಿದ್ದಳು. 2016ರಲ್ಲಿ ಅದೇ ಪತ್ರಿಕೆ ತನ್ನ ಹಳೆಯ ವರದಿಯಲ್ಲಿ ದೋಷಗಳಿದ್ದವೆಂದು ಒಪ್ಪಿಕೊಂಡಿತು.

ಈ ಕೊಲೆಯ ಸುದ್ದಿಯಿಂದ ಪ್ರೇರಿತರಾಗಿ ಡಾರ್ಲಿ ಮತ್ತು ಲಟಾನೆ 1968ರಲ್ಲಿ ಪ್ರಕಟಿಸಿದ ಪ್ರಯೋಗ ಹೀಗಿತ್ತು. ಬೇರೆ ಬೇರೆ ಕೋಣೆಯಲ್ಲಿ ಕೂತ ವಿದ್ಯಾರ್ಥಿಗಳು ಇಂಟರ್‌ಕಾಮ್‌ನಲ್ಲಿ ಮಾತಾಡುತ್ತಿರುವಾಗ ಒಬ್ಬನಿಗೆ ಮೂರ್ಛೆ ಬಂದಂತೆ ಕೇಳಿಸುತ್ತದೆ. ಅದು ಮೊದಲೇ ಮುದ್ರಿಸಿಟ್ಟ ಧ್ವನಿ. ಕೇಳಿಸಿದ್ದು ತನಗೊಬ್ಬನಿಗೇ ಎಂದುಕೊಂಡವರಲ್ಲಿ 85% ಮಂದಿ ಆ ಧ್ವನಿ ನಿಲ್ಲುವ ಮೊದಲೇ ಸಹಾಯಕ್ಕೆ ಎದ್ದರು. ಇನ್ನೂ ನಾಲ್ವರಿಗೆ ಕೇಳಿಸುತ್ತಿದೆ ಎಂದುಕೊಂಡವರಲ್ಲಿ ಎದ್ದವರು 31%. ಏಳದವರು ತಣ್ಣಗೆ ಕೂತಿರಲಿಲ್ಲ. ಅವರ ಕೈ ನಡುಗುತ್ತಿತ್ತು, ಅಂಗೈ ಬೆವರಿತ್ತು. ಅವರಲ್ಲಿ ಕರುಣೆ ಇತ್ತು. ಹೊಣೆ ಮಾತ್ರ ಐವರಲ್ಲಿ ಹಂಚಿಹೋಗಿತ್ತು.

ಪಠ್ಯಪುಸ್ತಕದ ಬಗ್ಗೆ ನನ್ನ ತಕರಾರು ಇರುವುದು ಇಲ್ಲಿ. ಅದು ಪಕ್ಕಪಕ್ಕದಲ್ಲಿಟ್ಟ ಕತೆ ಮತ್ತು ಪ್ರಯೋಗ ಬೇರೆ ಬೇರೆ ಮಾತು ಹೇಳುತ್ತವೆ. ಪಟ್ಟಣದವರು ಕಲ್ಲೆದೆಯವರು ಎನ್ನುತ್ತದೆ ಕತೆ. ಒಳ್ಳೆಯವರೂ ಗುಂಪಿನಲ್ಲಿ ತಡೆದು ನಿಲ್ಲುತ್ತಾರೆ ಎನ್ನುತ್ತದೆ ಪ್ರಯೋಗ. ಪರೀಕ್ಷೆ ಮುಗಿದ ಮೇಲೆ ನೆನಪಲ್ಲಿ ಉಳಿಯುವುದು ಕತೆ. ಸೋಫಿಯಾ ಆ ಕತೆಯೊಳಗೆ ಬಂದರೆ '38 ಜನ, ಒಬ್ಬರೂ ಇಲ್ಲ' ಎಂಬ ಲೆಕ್ಕ ಕೆಡುತ್ತದೆ. ಅದಕ್ಕೇ ಇರಬೇಕು, ಅವಳಿಗೆ ಅಲ್ಲಿ ಜಾಗ ಸಿಗಲಿಲ್ಲ.

ಉದಾಹರಣೆಯಿಲ್ಲದೆ ಪಾಠ ತಲೆಗೆ ಹತ್ತುವುದಿಲ್ಲ ಎಂದು ಮೇಷ್ಟ್ರುಗಳು ಹೇಳಬಹುದು. ಒಪ್ಪುತ್ತೇನೆ. ಆದರೆ ಯಾರೂ ಬರುವುದಿಲ್ಲ ಎಂದು ಹದಿನೆಂಟರ ಹರೆಯದಲ್ಲಿ ಕಲಿತವರು ಮುಂದೆ ರಸ್ತೆಯಲ್ಲಿ ಯಾರಾದರೂ ಕೂಗಿಕೊಂಡಾಗ ಏನು ಮಾಡುತ್ತಾರೆ? 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಆಮ್‌ಸ್ಟರ್‌ಡ್ಯಾಮ್, ಲ್ಯಾಂಕಾಸ್ಟರ್, ಕೇಪ್‌ಟೌನ್‌ಗಳ 219 ಬೀದಿ ಜಗಳಗಳನ್ನು ಸಿಸಿಟಿವಿಯಲ್ಲಿ ನೋಡಿತು. ಹತ್ತರಲ್ಲಿ ಒಂಬತ್ತು ಜಗಳಗಳಲ್ಲಿ ಒಬ್ಬರಾದರೂ ನಡುವೆ ಬಂದಿದ್ದರು. ಒಬ್ಬೊಬ್ಬರು ಹಿಂಜರಿದರೂ, ಜನ ಹೆಚ್ಚಿದಷ್ಟೂ ಯಾರೋ ಒಬ್ಬರು ಮುಂದೆ ಬರುವ ಸಾಧ್ಯತೆ ಹೆಚ್ಚಿತ್ತು.

ಇದನ್ನೆಲ್ಲ ಹೇಳಿದಾಗ ಅವಳಿಗೆ ಸಿಟ್ಟೇ ಬಂತು. 'ಹಾಗಾದ್ರೆ ನಾಳೆ ಏನು ಬರೀಲಿ ಚಿಕ್ಕಮ್ಮ?' 'ಮೊದಲು 85, 31 ಬರಿ. ಕತೆ ಆಮೇಲೆ' ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಚೀಟಿ ತಿರುಗಿಸಿ ಹಿಂದುಗಡೆ ಪೆನ್ಸಿಲಿನಲ್ಲಿ ಏನೋ ಬರೆದುಕೊಂಡಳು. ಬಗ್ಗಿ ನೋಡಿದೆ. ಸೋಫಿಯಾಳ ಹೆಸರು.