ಅಬ್ಬೆ ದುಬಾಯ್: ಮತಶ್ರದ್ಧೆಯೂ ವಿಜ್ಞಾನವೂ

ಮೈಸೂರು ಸೀಮೆಯ ಜನಜೀವನವನ್ನು ಐರೋಪ್ಯರಿಗೆ ಪರಿಚಯಿಸಿದ ಗ್ರಂಥಗಳಲ್ಲಿ ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿಯ ‘ಹಿಂದೂಗಳ ನಡವಳಿಕೆ, ಆಚಾರ, ಸಂಸ್ಕಾರಗಳು’ ಎಂಬುದು ಬಹು ಪ್ರಸಿದ್ಧವಾದುದು. ಅದನ್ನು ಕೆಲವರು ನಿಂದಾಗ್ರಂಥವೆಂದು ದೂರವಿಡುವರು. ಕೆಲವರು ಪ್ರತಿವಾಕ್ಯವನ್ನೂ ಪ್ರಮಾಣವಾಗಿ ಎತ್ತಿ ಹೇಳುವರು. ಎರಡೂ ಅವಿಚಾರವೆಂದೇ ನನ್ನ ಮತ. ಒಬ್ಬ ಕ್ರೈಸ್ತ ಗುರುವಿನಲ್ಲಿ ಶ್ರದ್ಧೆಯೂ ವಿಜ್ಞಾನವೂ ಎಲ್ಲಿ ಕೂಡಿದುವು, ಎಲ್ಲಿ ಅಗಲಿದುವು ಎಂಬುದನ್ನರಿಯಲು ಈ ಗ್ರಂಥವನ್ನು ಅದರ ಕರ್ತೃವಿನ ಕಾರ್ಯದೊಡನೆ ಸೇರಿಸಿ ಓದಬೇಕು.

ಈತನು 1792ರಲ್ಲಿ ಭಾರತಕ್ಕೆ ಬಂದವನು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ, ಚದರಿಹೋಗಿದ್ದ ಕ್ರೈಸ್ತಸಭೆಯನ್ನು ಮತ್ತೆ ಕೂಡಿಸಲು ನಮ್ಮ ಸೀಮೆಗೆ ಬಂದು, ದೇಶೀಯ ಉಡುಪನ್ನು ತೊಟ್ಟು, 1823ರವರೆಗೆ ಈ ದೇಶದಲ್ಲಿದ್ದನು. ಕುಂಪಣಿ ಸರ್ಕಾರವು ಹಸ್ತಪ್ರತಿಯನ್ನು ಕ್ರಯಕ್ಕೆ ಕೊಂಡಿತು. ಇಂಗ್ಲಿಷ್ ಅನುವಾದವು 1816ರಲ್ಲಿಯೂ ಫ್ರೆಂಚ್ ಮೂಲವು 1825ರಲ್ಲಿಯೂ ಅಚ್ಚಾದುವು.

ಗ್ರಂಥದ ಮುಖ್ಯ ದೋಷವು ಅದರ ಕಾಠಿನ್ಯವಲ್ಲ, ಅದು ಹಿಡಿದ ಎರಡು ಅಳತೆಗಳು. ನಮ್ಮ ಪುರಾಣಗಳನ್ನೂ ಶಕುನ ಮುಹೂರ್ತಗಳನ್ನೂ ಆತನು ಯುಕ್ತಿಯ ಒರೆಗಲ್ಲಿಗೆ ತೀಡಿ ಎಸೆಯುವನು. ತನ್ನ ಮನೆಯ ಮಾತು ಬಂದೊಡನೆ ಒರೆಗಲ್ಲು ಕಾಣೆಯಾಗುವುದು. ಭೂಮಿಯು ಸೂರ್ಯನನ್ನು ಸುತ್ತುವುದೆಂದ ಕೋಪರ್ನಿಕಸ್, ಗೆಲಿಲಿಯೋ ಇವರ ಗ್ರಂಥಗಳು ಆಗ ರೋಮಿನ ನಿಷಿದ್ಧಪಟ್ಟಿಯಲ್ಲಿಯೇ ಇದ್ದುವು; ಅವುಗಳ ಹೆಸರು ಬಿಟ್ಟುಹೋದುದು 1835ರ ಪಟ್ಟಿಯಲ್ಲಿ. ಇದನ್ನು ಪರಿಹಾಸಕ್ಕಾಗಿ ಹೇಳುತ್ತಿಲ್ಲ. ಚಂದ್ರಗ್ರಹಣಕ್ಕೆ ಭೂಛಾಯೆಯೇ ಕಾರಣವೆಂದು ಆರ್ಯಭಟನು 499ರಷ್ಟು ಹಿಂದೆಯೇ ಸಾರಿದನು. ವರಾಹಮಿಹಿರನು ಅದನ್ನೇ ಸಮರ್ಥಿಸಿದನು. ಬ್ರಹ್ಮಗುಪ್ತನಾದರೋ ಛಾಯೆಯಿಂದಲೇ ಗಣಿತ ಮಾಡಿಯೂ, ಶ್ರುತಿಸ್ಮೃತಿಗಳ ರಾಹುವನ್ನು ಕೈಬಿಡಲಾರದೆ ವಾದವನ್ನು ಹೂಡಿದನು. ಆ ಇಕ್ಕಟ್ಟು ರೋಮಿಗೂ ಉಂಟು, ನಮ್ಮ ಪಾಠಶಾಲೆಗಳಿಗೂ ಉಂಟು. ಅದನ್ನು ಕಂಡಿದ್ದರೆ ಬ್ರಾಹ್ಮಣರನ್ನು ವಂಚಕರೆಂದು ಹಳಿಯುವ ಆ ಧ್ವನಿ ತುಸುವಾದರೂ ತಗ್ಗುತ್ತಿತ್ತು. (ಜಾತಿವ್ಯವಸ್ಥೆಯೊಂದನ್ನು ಮಾತ್ರ ಆತನು ಮನಸಾರೆ ಹೊಗಳಿರುವನು, ಯಾರ ಸಂತೋಷಕ್ಕೋ ತಿಳಿಯದು.)

ಗ್ರಂಥದಲ್ಲಿ ಶಾಂತವಾಗಿ, ವಿವರವಾಗಿ ಬರೆದ ಭಾಗಗಳೂ ಬೇಕಾದಷ್ಟಿವೆ. ಆದರೆ ಅವುಗಳ ಕೀರ್ತಿಯು ಪೂರ್ಣವಾಗಿ ದುಬಾಯ್‌ಗೆ ಸಲ್ಲದು. ಬಹುಭಾಗವು ಕೂರ್ದೂ ಎಂಬ ಜೆಸ್ವಿಟ್ ಪಾದ್ರಿಯ ಹಸ್ತಪ್ರತಿಯಿಂದ ಬಂದುದೆಂದು ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿಯು 1987ರಲ್ಲಿ ಪ್ರಕಟಿಸಿದ ಎರಡು ಸಂಪುಟಗಳಲ್ಲಿ ತೋರಿಸಿಕೊಟ್ಟಿರುವಳು. ಸಂಸ್ಕೃತಕ್ಕೂ ಲ್ಯಾಟಿನ್ ಗ್ರೀಕ್ ಭಾಷೆಗಳಿಗೂ ಇರುವ ಸಾಮ್ಯವನ್ನು 1767ರಲ್ಲಿಯೇ ಪ್ಯಾರಿಸಿನ ವಿದ್ವತ್ಸಭೆಗೆ ಬರೆದು ತಿಳಿಸಿದವನು ಈ ಕೂರ್ದೂ. ಶ್ರದ್ಧೆಯು ಆತನ ಕಣ್ಣನ್ನು ಮುಚ್ಚಲಿಲ್ಲ. ಋಣವನ್ನು ಹೇಳದೆ ಬಿಟ್ಟದ್ದು ದುಬಾಯ್‌ನ ಅಪರಾಧವೇ ಸರಿ.

ಇನ್ನು ಆತನ ಕಾರ್ಯ. ಜೆನ್ನರನು 1798ರಲ್ಲಿ ಪ್ರಕಟಿಸಿದ ಗೋಸಿಡುಬಿನ ಉಪಾಯವು 1802ರಲ್ಲಿ ಮುಂಬಯಿಯನ್ನು ಮುಟ್ಟಿತು. ಮರುವರ್ಷವೇ ದುಬಾಯ್ ಅದನ್ನು ಮೈಸೂರು ಸೀಮೆಯಲ್ಲಿ ಕೈಗೊಂಡನು. 1803-04ರಲ್ಲಿ 25,000ಕ್ಕೂ ಮಿಕ್ಕ ಜನಕ್ಕೆ ಲಸಿಕೆಯಾಯಿತೆಂದು ದಾಖಲೆ. ಅಂದಿನ ಕ್ರಮವು ಸುಲಭವಾದುದಲ್ಲ. ಒಂದು ಮಗುವಿನ ತೋಳಿನ ಗುಳ್ಳೆಯ ರಸವನ್ನು ಇನ್ನೊಂದರ ತೋಳಿಗೆ ದಾಟಿಸಬೇಕು. ಯಾವ ಜಾತಿಯ ರಸ ಯಾವ ಜಾತಿಯ ಮೈಗೆ ಎಂಬ ಪ್ರಶ್ನೆಯನ್ನು ದಾಟಿ, ಸಿಡುಬನ್ನು ‘ಅಮ್ಮ’ ಎಂದು ಕರೆದು ಬೇವಿನ ಸೊಪ್ಪು ಕಟ್ಟುವ ಕಳಲೆಯಂತಹ ಊರುಗಳ ತಾಯಂದಿರನ್ನು ಒಪ್ಪಿಸುವುದೆಂದರೇನು! ಕನ್ನಡದ ಕೆಲವೆಡೆ ಲಸಿಕೆಗೆ ‘ದೇವಿ ಹಾಕಿಸುವುದು’ ಎಂಬ ಮಾತೇ ನಿಂತಿತು. ರೋಗವೂ ದೇವಿ, ಪರಿಹಾರವೂ ದೇವಿ; ಪಂಡಿತರು ಬಗೆಹರಿಸಲಾರದ ವ್ಯಾಜ್ಯವನ್ನು ನಮ್ಮ ಹೆಂಗಸರು ಒಂದು ನುಡಿಯಲ್ಲಿ ರಾಜಿಮಾಡಿದರು. ಆ ರೋಗವು ಭೂಮಂಡಲದಿಂದಲೇ ತೊಲಗಿತೆಂದು 1980ರಲ್ಲಿ ಘೋಷಣೆಯಾಯಿತು.

ಸ್ವದೇಶಕ್ಕೆ ಮರಳಿದ ವರ್ಷವೇ, ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಅಸಾಧ್ಯವೆಂಬ ಆತನ ಪತ್ರಗಳು ಲಂಡನ್ನಿನಲ್ಲಿ ಅಚ್ಚಾದುವು. ಪ್ರಾಟೆಸ್ಟೆಂಟ್ ಪಾದ್ರಿಗಳು ಕೆರಳಿ ಉತ್ತರ ಬರೆದರು. ಮೂವತ್ತು ವರ್ಷಗಳ ಬಾಳಿನ ಲೆಕ್ಕವನ್ನು ಆತನು ಮತಾಂತರದ ಸಂಖ್ಯೆಯಿಂದಲೇ ಹಾಕಿ ನಷ್ಟವೆಂದು ಬರೆದನು. ಆ ತೋಳುಗಳನ್ನೆಣಿಸಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು.

ಮನೆಯಲ್ಲಿ ಓದಬಯಸುವವರು 1897ರ ಬೋಚಾಂಪನ ಇಂಗ್ಲಿಷ್ ಆವೃತ್ತಿಯನ್ನು ತರಿಸಿಕೊಳ್ಳಬಹುದು. ಆದರೆ ಅದರ ಕಾಲಕ್ಕೆ ಕೂರ್ದೂವಿನ ವಿಷಯ ಬೆಳಕಿಗೆ ಬಂದಿರಲಿಲ್ಲವೆಂಬುದನ್ನು ನೆನಪಿನಲ್ಲಿಟ್ಟೇ ಪುಟ ತೆರೆಯಬೇಕು.